ಹಾಲಿನ ಲೆಕ್ಕದ ನೋಟ್‌ಬುಕ್ಕು ಮತ್ತು ಎರಡು ಸೀಟುಗಳು

ಚನ್ನರಾಯಪಟ್ಟಣ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ ಹೀಗಿದೆ: ‘ನನ್ನ ಮಗಳು ದ್ವಿತೀಯ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಾಳೆ. ಅಣಕು (ಪ್ರಾಯೋಗಿಕ) ಸೀಟು ಹಂಚಿಕೆಯಲ್ಲಿ ಬೆಂಗಳೂರಿನ ಒಂದು ಹೆಸರಾಂತ ಖಾಸಗಿ ವಿಶ್ವವಿದ್ಯಾಲಯದ ಡೇಟಾ ಸೈನ್ಸ್ ವಿಭಾಗ ಬಂದಿದೆ. ಪಟ್ಟಿಯಲ್ಲಿ ಅದರ ಕೆಳಗೆ ನಾವು ಹಾಕಿರುವುದು, ಅದಕ್ಕೆ ಸದಾ ಪೈಪೋಟಿ ಕೊಡುವ ಇನ್ನೊಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್. ಕಳೆದ ವರ್ಷದ ಕೊನೆಯ ರ‍್ಯಾಂಕ್ ನೋಡಿದರೆ ಅದೂ ಸಿಗುವಂತಿದೆ. ದೊಡ್ಡ ಹೆಸರಿರುವ ಕಡೆಗೇ ಹೋಗಲಿ ಎಂದು ನನ್ನ ತಮ್ಮ ಹೇಳುತ್ತಾನೆ. ಏನಾದರೂ ಸಿಎಸ್ ಸಿಎಸ್ಸೇ ಎಂದು ಅವಳ ಉಪನ್ಯಾಸಕರು ಹೇಳುತ್ತಾರೆ. ಮಗಳು ಡೇಟಾ ಸೈನ್ಸೇ ಬೇಕೆಂದು ಹಟ ಹಿಡಿದಿದ್ದಾಳೆ. ಎರಡು ವರ್ಷದಿಂದ ನಮ್ಮ ಮನೆಯ ಹಾಲಿನ ಲೆಕ್ಕ ಬರೆದು, ಡೇರಿಯ ಹೊಸ ಯಂತ್ರ ಫ್ಯಾಟು ಕಡಿಮೆ ತೋರಿಸುತ್ತಿದೆ ಎಂದು ಕಾರ್ಯದರ್ಶಿಯವರ ಹತ್ತಿರ ವಾದ ಮಾಡಿ ಬಂದವಳು ಅವಳು. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ಎರಡೂ ಕಡೆಯ ಪಾಠದ ಪಟ್ಟಿ ಮತ್ತು ಅವಳ ನೋಟ್‌ಬುಕ್ಕಿನ ನಾಲ್ಕು ಪುಟಗಳ ಜೆರಾಕ್ಸ್ ಇಟ್ಟಿದ್ದೇನೆ. ಯಾವುದನ್ನು ಮೇಲೆ ಹಾಕಬೇಕು?’

ಮಾನ್ಯರೇ,

ಆಯ್ಕೆ ಪಟ್ಟಿ ತಿದ್ದಲು ಪರೀಕ್ಷಾ ಪ್ರಾಧಿಕಾರ ಕೊಡುವ ಕಾಲಾವಕಾಶ ನಮ್ಮ ಪತ್ರಿಕೆಯ ಅಚ್ಚಿಗೆ ಕಾಯುವುದಿಲ್ಲವಾದ್ದರಿಂದ, ಈ ಉತ್ತರದ ಮುಖ್ಯ ಭಾಗವನ್ನು ತಮಗೆ ಸ್ಪೀಡ್ ಪೋಸ್ಟಿನಲ್ಲಿ ಮೊದಲೇ ಕಳಿಸಿದ್ದೇವೆ. ಇದೇ ಗೊಂದಲದಲ್ಲಿರುವ ಮನೆಗಳು ಬೇಕಾದಷ್ಟಿರುವುದರಿಂದ ವಿಸ್ತರಿಸಿ ಇಲ್ಲಿ ಪ್ರಕಟಿಸುತ್ತಿದ್ದೇವೆ. ಎರಡು ವಿಶ್ವವಿದ್ಯಾಲಯಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇವೆ. ಹೆಸರು ಬಂದೊಡನೆ ಮಾತು ಯಾವುದು ದೊಡ್ಡದು ಯಾವುದು ಚಿಕ್ಕದು ಎಂಬ ಹಳೆಯ ಜಗಳಕ್ಕೆ ಹೊರಳುತ್ತದೆ. ತಾವು ಕಳಿಸಿದ ಕಾಗದಗಳಲ್ಲಿ ಆ ಜಗಳಕ್ಕಿಂತ ಉಪಯುಕ್ತವಾದದ್ದು ಬಹಳ ಇದೆ.

ಮೊದಲು ಪಟ್ಟಿಯ ಕ್ರಮದ ಮಾತು, ಏಕೆಂದರೆ ತಮ್ಮ ಪತ್ರದಲ್ಲಿ ಒಂದು ತಪ್ಪು ತಿಳಿವಳಿಕೆ ಕಾಣುತ್ತಿದೆ. ‘ಮೊದಲು ಡೇಟಾ ಸೈನ್ಸ್ ಸಿಗಲಿ, ಬೇಡವೆನಿಸಿದರೆ ಮುಂದಿನ ಸುತ್ತಿನಲ್ಲಿ ಇನ್ನೊಂದಕ್ಕೆ ಹೋಗಬಹುದು’ ಎಂದು ತಾವು ಒಂದು ಕಡೆ ಬರೆದಿದ್ದೀರಿ. ಹಾಗಾಗುವುದಿಲ್ಲ. ಹಂಚಿಕೆಯ ಗಣಕ ತಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದು, ಮಗಳ ರ‍್ಯಾಂಕಿಗೆ ಎಟಕುವ ಮೊದಲನೆಯ ಸೀಟಿನಲ್ಲಿ ನಿಂತುಬಿಡುತ್ತದೆ. ಸೀಟು ಬಂದ ಮೇಲೆ ‘ಚಾಯ್ಸ್ 2’ ಒತ್ತಿ, ಸಿಕ್ಕಿದ್ದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೆ ಹೋಗಬಹುದು ನಿಜ, ಆದರೆ ಅಲ್ಲಿ ಪರಿಗಣನೆಗೆ ಬರುವುದು ಸಿಕ್ಕಿದ ಸೀಟಿಗಿಂತ ಮೇಲೆ ಬರೆದಿರುವ ಆಯ್ಕೆಗಳು ಮಾತ್ರ; ಮೇಲಿನದು ಸಿಕ್ಕರೆ ಕೈಯಲ್ಲಿದ್ದದ್ದು ತಾನಾಗಿ ರದ್ದಾಗುತ್ತದೆ. ಹಾಗಾಗಿ ಎರಡು ಸೀಟುಗಳಲ್ಲಿ ಯಾವುದು ಮೇಲಿರಬೇಕೆಂಬ ನಿರ್ಧಾರ ಈಗಲೇ ಆಗಬೇಕು, ಆಮೇಲೆ ಅಲ್ಲ.

ಇನ್ನು ಆ ನಾಲ್ಕು ಪುಟಗಳು. ಪಾಠದ ಪಟ್ಟಿಗಳಿಗಿಂತ ಮೊದಲು ನಾನು ಅವನ್ನೇ ಓದಿದೆ ಎಂದು ಒಪ್ಪಿಕೊಳ್ಳುತ್ತೇನೆ. ದಿನಾಂಕ, ಬೆಳಿಗ್ಗೆ, ಸಂಜೆ, ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ), ಕೈಗೆ ಬಂದ ಹಣ. ಎರಡು ವರ್ಷ ಎಂದರೆ ಸುಮಾರು 1,400 ಸಾಲು. ಫೆಬ್ರುವರಿಯಲ್ಲಿ ಹೊಸ ಯಂತ್ರ ಬಂದ ದಿನ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಗೆರೆಯ ಮೇಲಿನ ಎರಡು ತಿಂಗಳ ಸರಾಸರಿ 4.1, ಕೆಳಗಿನ ಎರಡು ತಿಂಗಳ ಸರಾಸರಿ 3.8 ಎಂದು ಅವಳು ಬರೆದಿದ್ದಾಳೆ. ಹದಿನೇಳು ವರ್ಷದ ಹುಡುಗಿ ಯಾರೂ ಹೇಳದೆ ಇಷ್ಟು ಮಾಡಿದ್ದಾಳೆ ಎನ್ನುವುದು ನನಗೆ ಅವಳ ಸಿಇಟಿ ರ‍್ಯಾಂಕಿಗಿಂತ ದೊಡ್ಡದಾಗಿ ಕಂಡಿತು. ಆದರೆ ಅವಳ ತೀರ್ಮಾನ ಸರಿಯಿಲ್ಲದಿರಬಹುದು. ಅದು ಏಕೆ ಎಂದು ಹೇಳುವಾಗಲೇ ಎರಡು ಪದವಿಗಳ ನಡುವಿನ ವ್ಯತ್ಯಾಸವೂ ತಾನಾಗಿ ಹೊರಬರುತ್ತದೆ.

ಗೆರೆಯ ಮೇಲಿರುವುದು ಚಳಿಗಾಲದ ಹಾಲು, ಕೆಳಗಿರುವುದು ಬೇಸಿಗೆಯ ಹಾಲು. ಸೆಕೆ ಹೆಚ್ಚಿದಾಗ ಹಸುವಿನ ಹಾಲಿನಲ್ಲಿ ಕೊಬ್ಬಿನ ಅಂಶ ಇಳಿಯುವುದು ಸಾಮಾನ್ಯ. ಮಾರ್ಚಿಯಲ್ಲಿ ತಮ್ಮ ಒಂದು ಹಸು ಕರು ಹಾಕಿದೆ ಎಂದು ಅಂಚಿನಲ್ಲಿ ಬರೆದಿದೆ. ಕರು ಹಾಕಿದ ಕೆಲವು ವಾರಗಳ ಮೇಲೆ ಹಾಲು ಏರುತ್ತದೆ, ಫ್ಯಾಟು ಇಳಿಯುತ್ತದೆ, ಬತ್ತುವ ಹೊತ್ತಿಗೆ ಮತ್ತೆ ಏರುತ್ತದೆ. ಬೆಳಗಿನ ಹಾಲು ರಾತ್ರಿಯ ಉದ್ದದ ಅಂತರದ ಮೇಲೆ ಕರೆದದ್ದು, ಅದರಲ್ಲಿ ಪ್ರಮಾಣ ಹೆಚ್ಚು, ಕೊಬ್ಬು ಕಡಿಮೆ. ಹಾಗಾಗಿ ಗೆರೆಯ ಕೆಳಗಿನ ದಿನಗಳಲ್ಲಿ ಬೆಳಗಿನ ಹಾಲೇ ಹೆಚ್ಚು ಡೇರಿಗೆ ಹೋಗಿದ್ದರೆ ಸರಾಸರಿ ತಾನಾಗಿಯೇ ಜಾರುತ್ತದೆ. ಇಷ್ಟೆಲ್ಲ ಕಾರಣ ಒಟ್ಟಿಗೆ ಕೂಡಿಕೊಂಡಿರುವಾಗ ಯಂತ್ರದ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಹೇಗೆ? ಒಂದೇ ಕ್ಯಾನಿನ ಹಾಲನ್ನು ಚೆನ್ನಾಗಿ ಕಲಕಿ, ಎರಡು ಮಾದರಿ ತೆಗೆದು, ಒಂದನ್ನು ಯಂತ್ರದಲ್ಲೂ ಇನ್ನೊಂದನ್ನು ಆಮ್ಲ ಹಾಕಿ ಕೊಬ್ಬನ್ನು ಬೇರ್ಪಡಿಸಿ ಅಳೆಯುವ ಹಳೆಯ ಗರ್ಬರ್ ವಿಧಾನದಲ್ಲೂ ನೋಡಬೇಕು. ಅದನ್ನು ಹಲವು ದಿನ ಮಾಡಬೇಕು. ಎಷ್ಟು ದಿನ ಮಾಡಿದರೆ ಸಾಕು ಎಂದು ಮೊದಲೇ ಲೆಕ್ಕ ಹಾಕಬೇಕು. ಈ ಪ್ರಶ್ನೆಗಳೆಲ್ಲ ಸಂಖ್ಯಾಶಾಸ್ತ್ರದವು. ಡೇಟಾ ಸೈನ್ಸ್ ಎಂಬ ಹೆಸರಿಗೆ ಅರ್ಥವಿದೆ ಎಂದಾದರೆ ಅದರ ಹೃದಯ ಇರುವುದು ಇಲ್ಲಿಯೇ.

ಈಗ ಇದೇ ನೋಟ್‌ಬುಕ್ಕನ್ನು ಇನ್ನೊಂದು ಕಡೆಯಿಂದ ನೋಡೋಣ. ತಮ್ಮ ಮನೆಯೊಂದರ ಬದಲು ಜಿಲ್ಲೆಯ ಎಲ್ಲ ಸಂಘಗಳ ಎಲ್ಲ ಸದಸ್ಯರ ಲೆಕ್ಕ ಬೆಳಿಗ್ಗೆ ಆರರಿಂದ ಎಂಟರ ಒಳಗೆ ಏಕಕಾಲಕ್ಕೆ ಬಂದು ಬೀಳುತ್ತದೆ ಎಂದುಕೊಳ್ಳಿ. ಅದನ್ನು ಹೇಗೆ ಜೋಡಿಸಿಟ್ಟರೆ ಒಬ್ಬ ರೈತನ ಒಂದು ದಿನದ ಸಾಲು ಕಣ್ಣು ಮಿಟುಕಿಸುವುದರೊಳಗೆ ಸಿಗುತ್ತದೆ, ನಡುವೆ ಕರೆಂಟು ಹೋದರೆ ಅರ್ಧ ಬರೆದ ಲೆಕ್ಕದ ಗತಿಯೇನು, ಇಬ್ಬರು ಒಂದೇ ಸಾಲನ್ನು ಒಟ್ಟಿಗೆ ತಿದ್ದಲು ಹೊರಟರೆ ಯಾರದ್ದು ನಿಲ್ಲಬೇಕು, ಮಧ್ಯದಲ್ಲಿ ಯಾರೂ ಕೈಯಾಡಿಸದಂತೆ ಹೇಗೆ ಕಾಯುವುದು? ಇವು ಕಂಪ್ಯೂಟರ್ ಸೈನ್ಸಿನ ಪ್ರಶ್ನೆಗಳು. ಡೇಟಾ ಸ್ಟ್ರಕ್ಚರ್ಸ್, ಡೇಟಾಬೇಸ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್ಸ್ ಎಂದು ಪಟ್ಟಿಯಲ್ಲಿ ಕಾಣುವ ಹೆಸರುಗಳೆಲ್ಲ ಇವಕ್ಕೆ ಉತ್ತರ ಹುಡುಕುವ ಪಾಠಗಳು.

ಮಗಳ ಮನಸ್ಸು ಮೊದಲನೆಯ ಬಗೆಯ ಪ್ರಶ್ನೆಗಳ ಕಡೆಗಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಾಗಿದ್ದರೆ ಡೇಟಾ ಸೈನ್ಸೇ ಸರಿಯಲ್ಲವೇ ಎಂದು ತಾವು ಕೇಳುತ್ತೀರಿ. ಆ ಹೆಸರಿನ ಕೆಳಗೆ ಏನು ಕಲಿಸುತ್ತಾರೆ ಎಂಬುದರ ಮೇಲೆ ಅದು ನಿಂತಿದೆ.

ತಾವು ಕಳಿಸಿದ ಮೊದಲ ಪಟ್ಟಿಯಲ್ಲಿ ಪೆನ್ಸಿಲ್ ಹಿಡಿದು ಕೂತೆ. ನಾಲ್ಕು ವರ್ಷಕ್ಕೆ ಒಟ್ಟು 160 ಕ್ರೆಡಿಟ್. ಈಚಿನ ವರ್ಷಗಳಲ್ಲಿ ಎಂಜಿನಿಯರಿಂಗ್ ಪದವಿಗಳಲ್ಲಿ ಸಾಮಾನ್ಯವಾಗಿರುವ ಲೆಕ್ಕವೇ. ಮೊದಲ ವರ್ಷ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಅದನ್ನು ಬಿಟ್ಟುಬಿಡಿ. ಮೂರರಿಂದ ಆರನೆಯ ಸೆಮಿಸ್ಟರಿನವರೆಗೆ ಓದಿದರೆ ಸಾಕು, ಪದವಿಯ ನಿಜವಾದ ಬಣ್ಣ ಅಲ್ಲಿ ಗೊತ್ತಾಗುತ್ತದೆ. ಡೇಟಾ ಸ್ಟ್ರಕ್ಚರ್ಸ್, ಡೇಟಾಬೇಸ್, ಆಪರೇಟಿಂಗ್ ಸಿಸ್ಟಮ್ ಇವೆ, ಸಂತೋಷ. ಕಂಪ್ಯೂಟರಿನ ತಳಹದಿ ಕಲಿಸುವ ಆಟೋಮೇಟಾ ಸಿದ್ಧಾಂತ, ಕಂಪೈಲರ್, ಕಂಪ್ಯೂಟರ್ ಆರ್ಕಿಟೆಕ್ಚರ್ ಇಲ್ಲ. ಅವುಗಳ ಜಾಗದಲ್ಲಿ ಬಂದಿರುವುದೇನು? ಬಿಗ್ ಡೇಟಾ ಅನಲಿಟಿಕ್ಸ್, ಡೇಟಾ ವಿಷುವಲೈಸೇಷನ್, ಬಿಸಿನೆಸ್ ಇಂಟೆಲಿಜೆನ್ಸ್, ಕ್ಲೌಡ್. ಘಟಕಗಳೊಳಗೆ ಹೊಕ್ಕು ನೋಡಿದರೆ ಅರ್ಧಕ್ಕರ್ಧ ಇಂತಿಂಥ ಸಾಫ್ಟ್‌ವೇರ್ ಬಳಸುವುದು ಹೇಗೆ ಎಂಬ ಪಾಠ. ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರಕ್ಕೆ ನಾಲ್ಕನೆಯ ಸೆಮಿಸ್ಟರಿನಲ್ಲಿ ಒಂದೇ ಒಂದು ವಿಷಯ. ಮಾದರಿ ಆರಿಸುವ ವಿಧಾನಕ್ಕೆ, ಪ್ರಯೋಗ ರೂಪಿಸುವ ವಿಧಾನಕ್ಕೆ, ಅಂದರೆ ತಮ್ಮ ಮಗಳ ಕೆಂಪು ಗೆರೆಯ ಪ್ರಶ್ನೆಗೆ, ಒಂದು ಘಟಕವೂ ಇಲ್ಲ. ಎರಡನೆಯ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ಪಟ್ಟಿಯಲ್ಲೂ ಅದೇ ನಾಲ್ಕನೆಯ ಸೆಮಿಸ್ಟರಿನಲ್ಲಿ ಅದೇ ಒಂದು ಸಂಖ್ಯಾಶಾಸ್ತ್ರದ ವಿಷಯವಿದೆ! ಅಷ್ಟೇ ಅಲ್ಲ, ಐದರಿಂದ ಏಳನೆಯ ಸೆಮಿಸ್ಟರಿನವರೆಗೆ ತಾನೇ ಆರಿಸಿಕೊಳ್ಳಬಹುದಾದ ವಿಷಯಗಳಲ್ಲಿ ಮಷೀನ್ ಲರ್ನಿಂಗ್ (ಅಂಕಿಅಂಶಗಳಿಂದ ಗಣಕ ತಾನೇ ಕಲಿಯುವ ವಿಧಾನ), ಲೀನಿಯರ್ ಆಲ್ಜೀಬ್ರಾದ ಮುಂದುವರಿದ ಭಾಗ, ಟೈಮ್ ಸೀರೀಸ್ (ದಿನದಿಂದ ದಿನಕ್ಕೆ ಬದಲಾಗುವ ಅಳತೆಗಳ ವಿಶ್ಲೇಷಣೆ) ಮೂರೂ ಇವೆ.

ಎಂದರೆ, ಈ ಎರಡು ಪಟ್ಟಿಗಳ ಮಟ್ಟಿಗೆ, ಡೇಟಾ ಸೈನ್ಸ್ ಎಂಬ ಹೆಸರಿರುವ ಕಡೆ ಡೇಟಾದ ವಿಜ್ಞಾನ ಹೆಚ್ಚಿಲ್ಲ, ಕಂಪ್ಯೂಟರಿನ ವಿಜ್ಞಾನ ಕಡಿಮೆ ಇದೆ. ಉಪಕರಣ ಕಲಿಯುವುದು ಕೆಟ್ಟದ್ದೆಂದು ಹೇಳುತ್ತಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಒಂದು ಬೇಸಿಗೆ ರಜೆಯಲ್ಲಿ ಕೆಲಸಕ್ಕೆ ಬರುವಷ್ಟು ಕಲಿಯಬಹುದು. ಇವತ್ತು ಎಲ್ಲರೂ ಬಳಸುವ ಸಾಫ್ಟ್‌ವೇರ್ ಅವಳು ಪದವಿ ಮುಗಿಸುವ ಹೊತ್ತಿಗೆ ಮೂಲೆಗೆ ಸೇರಿರಲೂಬಹುದು. ಸಂಭವನೀಯತೆಯನ್ನಾಗಲಿ, ಆಪರೇಟಿಂಗ್ ಸಿಸ್ಟಮ್ಮನ್ನಾಗಲಿ, ಕೆಲಸಕ್ಕೆ ಸೇರಿ ಸಂಜೆ ಏಳಕ್ಕೆ ಪಿಜಿಗೆ ಬಂದು ಒಬ್ಬಳೇ ಕೂತು ಮೊದಲಿನಿಂದ ಕಲಿಯುವುದು ಬಹಳ ಕಷ್ಟ. ಮೇಷ್ಟರ ಮುಂದೆ ಕೂರುವ ನಾಲ್ಕು ವರ್ಷ ಅಂಥವಕ್ಕೆ ಸಲ್ಲಬೇಕು.

ಹೊಸ ಹೆಸರು ಎಂಬ ಒಂದೇ ಕಾರಣಕ್ಕೆ ಡೇಟಾ ಸೈನ್ಸನ್ನು ದೂರವಿಡಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಂಪ್ಯೂಟರ್ ಸೈನ್ಸ್ ಕೂಡ ಒಂದು ಕಾಲದಲ್ಲಿ ಹೊಸ ಹೆಸರೇ ಆಗಿತ್ತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ ಆ ಹೆಸರಿನ ವಿಭಾಗ ತೆರೆದದ್ದು 1962ರಲ್ಲಿ. ನಮ್ಮ ಕಾನ್ಪುರದ ಐಐಟಿಗೆ ಐಬಿಎಂ 1620 ಎಂಬ ಕಂಪ್ಯೂಟರ್ ಬಂದದ್ದು 1963ರಲ್ಲಿ. ಆದರೆ ಡೇಟಾ ಸೈನ್ಸಿನ ಬೇರು ನೋಡಿದರೆ ಅದು ಕಂಪ್ಯೂಟರಿಗಿಂತ ಹಳೆಯದು, ಅದೂ ನಮ್ಮಲ್ಲೇ ಇದೆ. ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಾಲನೋಬಿಸ್ ಕಲ್ಕತ್ತದಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿದ್ದು 1931ರಲ್ಲಿ. ಅಲ್ಲಿ ಬೆಳೆದ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ. ಇಪ್ಪತ್ತೈದರ ವಯಸ್ಸಿನಲ್ಲಿ, 1945ರಲ್ಲಿ, ಅವರು ಪ್ರಕಟಿಸಿದ ಪ್ರಬಂಧದ ಒಂದು ಫಲಿತಾಂಶ ಇವತ್ತಿಗೂ ಕ್ರಾಮರ್–ರಾವ್ ಎಂಬ ಜೋಡಿ ಹೆಸರಿನಲ್ಲಿ ಪಠ್ಯಗಳಲ್ಲಿದೆ. ಅದನ್ನು ಹಾಲಿನ ಭಾಷೆಯಲ್ಲಿ ಒರಟಾಗಿ ಹೇಳುವುದಾದರೆ, ಅರವತ್ತು ದಿನದ ಅಳತೆಗಳಿಂದ ನಿಜವಾದ ಫ್ಯಾಟಿನ ಅಂದಾಜು ಎಷ್ಟು ನಿಖರವಾಗಿರಬಲ್ಲದು ಎಂಬುದಕ್ಕೆ ಒಂದು ಮಿತಿ ಇದೆ, ಲೆಕ್ಕ ಹಾಕುವವರು ಎಷ್ಟೇ ಜಾಣರಾದರೂ ಪಕ್ಷಪಾತವಿಲ್ಲದ ಯಾವ ಅಂದಾಜೂ ಆ ಗೆರೆ ದಾಟಲಾರದು. ರಾವ್ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ವರ್ಷ. ಮಗಳಿಗೆ ಈ ಹೆಸರು ಹೇಳಿ. ಕೆಂಪು ಗೆರೆ ಎಳೆಯುವ ಹುಡುಗಿಗೆ ಹಡಗಲಿ ದೂರದ ಊರಲ್ಲ.

ಅದೇ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ. ಸಂಸ್ಥೆ 2024ರಲ್ಲಿ ಸ್ಟ್ಯಾಟಿಸ್ಟಿಕಲ್ ಡೇಟಾ ಸೈನ್ಸ್ ಎಂಬ ನಾಲ್ಕು ವರ್ಷದ ಪದವಿ ಆರಂಭಿಸಿತು. ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಗಣಿತ ಮತ್ತು ಕಂಪ್ಯೂಟಿಂಗ್ ಎಂಬ ಬಿ.ಟೆಕ್ ಆರಂಭಿಸಿತ್ತು. ಇಂಥ ಕಡೆ ಸೀಟು ಸಿಕ್ಕು ತಾವು ಇದೇ ಪ್ರಶ್ನೆ ಕೇಳಿದ್ದರೆ, ಪಕ್ಕದ ಮನೆಯವರು ಏನೇ ಹೇಳಲಿ ಅಲ್ಲಿಗೇ ಕಳಿಸಿ ಎನ್ನುತ್ತಿದ್ದೆ. ಧಾರವಾಡದ ಐಐಐಟಿಯಲ್ಲೂ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆ ಸೇರಿದ ವಿಭಾಗವಿದೆ. ಆ ಹೆಸರು ಕಂಡಲ್ಲೆಲ್ಲ ನಂಬಬೇಕೆಂದೂ ಅಲ್ಲ, ಬಿಡಬೇಕೆಂದೂ ಅಲ್ಲ. ಪಾಠದ ಪಟ್ಟಿ ತರಿಸಿ ಓದುವ ತಮ್ಮ ಪದ್ಧತಿಯೇ ಸರಿ. ಎಸ್ಸೆಸ್ಸೆಲ್ಸಿಯವರೆಗೆ ಓದಿದವನು ಎಂದು ಸಂಕೋಚಪಟ್ಟಿದ್ದೀರಿ, ಆದರೆ ಇಂಥ ಪತ್ರ ಬರೆಯುವವರಲ್ಲಿ ಪಟ್ಟಿ ಲಗತ್ತಿಸಿದವರು ನನ್ನ ನೆನಪಿನಲ್ಲಿ ತಾವೊಬ್ಬರೇ.

ವಯಸ್ಸಾದ ಓದುಗರಿಗೆ ಇಲ್ಲೊಂದು ಹಳೆಯ ನೆನಪು ಬಂದಿರಬೇಕು. ನಮ್ಮ ರಾಜ್ಯದಲ್ಲಿ ಇನ್ಫರ್ಮೇಷನ್ ಸೈನ್ಸ್ (ಐಎಸ್) ಎಂಬ ವಿಭಾಗ ಹೊಸದಾಗಿ ಬಂದಾಗಲೂ ಇದೇ ಪ್ರಶ್ನೆ ಕೇಳಿದ್ದರು: ಅದು ಸಿಎಸ್‌ಗೆ ಸಮವೇ, ಕೆಲಸ ಸಿಗುತ್ತದೆಯೇ, ಮದುವೆಯ ಬಯೋಡೇಟಾದಲ್ಲಿ ಏನೆಂದು ಬರೆಯಬೇಕು. ಎರಡರ ಪಾಠ ಬಹುಪಾಲು ಒಂದೇ ಆಗಿತ್ತು. ಎರಡನ್ನೂ ಓದಿದವರು ಇವತ್ತು ಒಂದೇ ಕಚೇರಿಯಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡುತ್ತಾರೆ. ಅದಕ್ಕಿಂತ ಹಿಂದೆ ಸಿಇಟಿ ಕೌನ್ಸೆಲಿಂಗಿನಲ್ಲಿ ಎಲ್ಲರಿಗಿಂತ ಮೊದಲು ಖಾಲಿಯಾಗುತ್ತಿದ್ದದ್ದು ಎಲೆಕ್ಟ್ರಾನಿಕ್ಸ್ ಸೀಟು. 2020ರ ಆಸುಪಾಸಿನಿಂದ ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಹೆಸರಿನ ವಿಭಾಗಗಳು ಒಂದರ ಹಿಂದೆ ಒಂದು ತೆರೆದವು. ಕಲಿಯುವ ವಿಷಯ ಬೆಳೆದದ್ದು ಒಂದು ಕಾರಣ. ಹೊಸ ವಿಭಾಗದ ಹೆಸರಿನಲ್ಲಿ ಸೀಟು ಹೆಚ್ಚಿಸಿಕೊಳ್ಳಬಹುದೆಂಬುದು ಇನ್ನೊಂದು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಪದವಿಯ ಹೆಸರಿನಿಂದ ಕೆಲಸಕ್ಕೆ ತೊಂದರೆಯಾಗುವುದೇ ಎಂದು ಕೇಳಿದ್ದೀರಿ. ಬೆಂಗಳೂರಿನ ಖಾಸಗಿ ಕಂಪನಿಗಳು ಕ್ಯಾಂಪಸ್ಸಿಗೆ ಬಂದಾಗ ಸಾಮಾನ್ಯವಾಗಿ ಸಿಎಸ್, ಐಎಸ್, ಎಐ, ಡೇಟಾ ಸೈನ್ಸ್ ಎಲ್ಲವನ್ನೂ ಒಂದೇ ಗುಂಪಾಗಿ ಕೂರಿಸಿ ಒಂದೇ ಪರೀಕ್ಷೆ ಕೊಡುತ್ತವೆ. ಆ ಪರೀಕ್ಷೆಯಲ್ಲಿ ಕೇಳುವುದು ಬಹುಮಟ್ಟಿಗೆ ಡೇಟಾ ಸ್ಟ್ರಕ್ಚರ್ಸ್ ಮತ್ತು ಆಲ್ಗರಿದಮ್. ಸರ್ಕಾರಿ ನೇಮಕಾತಿಯಲ್ಲಿ ಮಾತ್ರ ಎಚ್ಚರ ಬೇಕು. ಅಧಿಸೂಚನೆಯಲ್ಲಿ ‘ಕಂಪ್ಯೂಟರ್ ಸೈನ್ಸ್ ಅಥವಾ ತತ್ಸಮಾನ’ ಎಂದಿದ್ದಾಗ ತತ್ಸಮಾನವೆಂದು ತೋರಿಸುವ ಹೊಣೆ ಅಭ್ಯರ್ಥಿಯ ಮೇಲೆ ಬೀಳಬಹುದು. ಅಂಥ ಕೆಲಸದ ಆಸೆ ಮನೆಯಲ್ಲಿದ್ದರೆ ಅಂಕಪಟ್ಟಿಯ ಮೇಲೆ ಯಾವ ಹೆಸರು ಅಚ್ಚಾಗುತ್ತದೆ ಎಂದು ಮೊದಲೇ ಕೇಳಿ ತಿಳಿಯುವುದು ಕ್ಷೇಮ. ಮುಂದೆ ಓದುವ ಮನಸ್ಸಾದರೆ, 2024ರಿಂದ ಗೇಟ್ ಪರೀಕ್ಷೆಯಲ್ಲಿ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆಗೆ ಪ್ರತ್ಯೇಕ ಪತ್ರಿಕೆ ಇದೆ. ಕಂಪ್ಯೂಟರ್ ಸೈನ್ಸ್ ಓದಿದವರೂ ಅದನ್ನು ಬರೆಯಬಹುದು, ಆ ಬಾಗಿಲು ಮುಚ್ಚುವುದಿಲ್ಲ.

ತಮ್ಮ ತಮ್ಮನವರು ತೋರಿಸಿದ ಜಾಹೀರಾತಿನ ವಿಷಯ. ‘ಅತಿ ಹೆಚ್ಚಿನ ಪ್ಯಾಕೇಜ್’ ಎಂದು ದಪ್ಪ ಅಕ್ಷರದಲ್ಲಿರುವುದು ಒಬ್ಬ ವಿದ್ಯಾರ್ಥಿಯ ಸಂಬಳ. ಊರಿನಲ್ಲಿ ಒಬ್ಬರ ಹಸು ಇಪ್ಪತ್ತು ಲೀಟರು ಕೊಟ್ಟರೆ ಸಂಘದ ಎಲ್ಲರ ಹಸುವೂ ಅಷ್ಟು ಕೊಡುತ್ತದೆಯೇ? ನೋಡಬೇಕಾದದ್ದು ಮಧ್ಯದ ವಿದ್ಯಾರ್ಥಿಗೆ ಸಿಕ್ಕ ಸಂಬಳವನ್ನು, ಅಂದರೆ ಮೀಡಿಯನ್ನನ್ನು. ಜೊತೆಗೆ ಓದಿ ಮುಗಿಸಿದವರೆಷ್ಟು, ಕೆಲಸ ಸಿಕ್ಕವರೆಷ್ಟು ಎಂಬುದನ್ನು. ಒಬ್ಬರಿಗೇ ಮೂರು ಕಡೆ ಕರೆ ಬಂದರೆ ಅದನ್ನು ಮೂರೆಂದು ಎಣಿಸುವವರೂ ಇದ್ದಾರೆ, ಆದ್ದರಿಂದ ‘ಆಫರ್’ ಎಂದಿದೆಯೋ ‘ವಿದ್ಯಾರ್ಥಿ’ ಎಂದಿದೆಯೋ ಗಮನಿಸಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಸಂಸ್ಥೆಗಳು ಸಲ್ಲಿಸುವ ಮಾಹಿತಿಯಲ್ಲಿ ಈ ಮೂರೂ ಇರುತ್ತವೆ, ಸಂಸ್ಥೆಯ ಜಾಲತಾಣದಲ್ಲೇ ಸಿಗುತ್ತವೆ. ಇನ್ನೊಂದು ಮಾತು: ಗುಣಮಟ್ಟ ಅಳೆಯುವ ಎರಡು ರಾಷ್ಟ್ರೀಯ ಸಂಸ್ಥೆಗಳಲ್ಲಿ ನ್ಯಾಕ್ ಕೊಡುವ ದರ್ಜೆ ಇಡೀ ಸಂಸ್ಥೆಗೆ, ಎನ್‌ಬಿಎ ಮಾನ್ಯತೆ ಒಂದೊಂದು ವಿಭಾಗಕ್ಕೆ. ಒಂದೆರಡು ತಂಡಗಳಾದರೂ ಓದಿ ಹೊರಬರುವ ತನಕ ಹೊಸ ವಿಭಾಗಕ್ಕೆ ಎನ್‌ಬಿಎ ಇರುವುದಿಲ್ಲ. ಹಾಗಾಗಿ ಗೋಡೆಯ ಮೇಲಿನ ಪ್ರಮಾಣಪತ್ರ ಯಾವ ವಿಭಾಗದ್ದು ಎಂದು ಕೇಳಿಯೇ ನಂಬಬೇಕು.

ನನ್ನ ಸಲಹೆ ಈಗಾಗಲೇ ಹೊಳೆದಿರಬೇಕು. ಎರಡನೆಯ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸನ್ನು ಮೇಲೆ ಹಾಕಿ. ತಾವು ಬರೆದ ಪ್ರಕಾರ ಶುಲ್ಕವೂ ಅಲ್ಲಿ ಕಡಿಮೆಯಿದೆ, ಹಾಸ್ಟೆಲ್ ಆವರಣದಲ್ಲೇ ಇದೆ. ಇವು ಸಣ್ಣ ವಿಷಯಗಳಲ್ಲ, ಆದರೆ ಅವಿಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಇದರಿಂದ ಉಪನ್ಯಾಸಕರು ಗೆದ್ದರು, ಮಗಳು ಸೋತಳು ಎಂದಾಗಬಾರದು. ಸಿಎಸ್ ಸಿಎಸ್ಸೇ ಎಂಬುದು ನನ್ನ ಕಾರಣವಲ್ಲ. ಅವಳಿಗೆ ಬೇಕಾದದ್ದು ಅವಳು ಬಯಸಿದ ಹೆಸರಿನ ಕೆಳಗೆ ಇಲ್ಲ, ಬಯಸದ ಹೆಸರಿನ ಕೆಳಗೆ ಸ್ವಲ್ಪ ಹೆಚ್ಚಿದೆ ಎಂಬುದು ನನ್ನ ಕಾರಣ. ಈ ವ್ಯತ್ಯಾಸವನ್ನು ಅವಳಿಗೆ ಬಿಡಿಸಿ ಹೇಳಿ, ಎರಡೂ ಪಟ್ಟಿಗಳನ್ನು ಅವಳ ಕೈಯಲ್ಲೇ ಕೊಟ್ಟು ಮೂರರಿಂದ ಆರನೆಯ ಸೆಮಿಸ್ಟರನ್ನು ಸಾಲುಸಾಲಾಗಿ ಓದಿಸಿ. ಓದಿದ ಮೇಲೂ ಅವಳು ಮೊದಲನೆಯದೇ ಬೇಕೆಂದು, ಕಾರಣ ಕೊಟ್ಟು ಹೇಳಿದರೆ, ನಾಲ್ಕು ವರ್ಷ ಓದುವವಳು ಅವಳು, ಅವಳ ಮಾತೇ ನಡೆಯಲಿ.

ಕಂಪ್ಯೂಟರ್ ಸೈನ್ಸಿಗೆ ಸೇರಿದರೆ ಐದನೆಯ ಸೆಮಿಸ್ಟರಿನಿಂದ ಆರಿಸಿಕೊಳ್ಳುವ ವಿಷಯಗಳಲ್ಲಿ ಮೇಲೆ ಹೇಳಿದ ಮೂರನ್ನೂ ತೆಗೆದುಕೊಳ್ಳಲಿ. ಸಂಖ್ಯಾಶಾಸ್ತ್ರ ಕಲಿಸುವವರು ಯಾರು, ಗಣಿತ ವಿಭಾಗದವರೋ ಬೇರೆಯವರೋ, ಎಂದು ಸೇರಿದ ಮೊದಲ ತಿಂಗಳಲ್ಲೇ ತಿಳಿದುಕೊಂಡು ಅವರ ಪರಿಚಯ ಮಾಡಿಕೊಳ್ಳಲಿ. ಮದ್ರಾಸ್ ಐಐಟಿ 2020ರಿಂದ ಆನ್‌ಲೈನಿನಲ್ಲಿ ನಡೆಸುತ್ತಿರುವ ಡೇಟಾ ಸೈನ್ಸ್ ಪದವಿಯನ್ನೂ ಜೊತೆಯಲ್ಲೇ ಮಾಡಬಹುದೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಒಂದು ಪದವಿಯನ್ನು ತರಗತಿಯಲ್ಲಿ, ಇನ್ನೊಂದನ್ನು ಆನ್‌ಲೈನಿನಲ್ಲಿ ಒಟ್ಟಿಗೆ ಓದಲು ಯುಜಿಸಿ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಆ ಪದವಿಯಲ್ಲಿ ಮೊದಲ ಹಂತವೇ ಗಣಿತ ಮತ್ತು ಸಂಖ್ಯಾಶಾಸ್ತ್ರದಿಂದ ಶುರುವಾಗುತ್ತದೆ, ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು, ನಡುವಿನ ಹಂತದಲ್ಲಿ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಪಡೆದು ನಿಲ್ಲಿಸಲೂ ಅವಕಾಶವಿದೆ. ಒಳ್ಳೆಯ ದಾರಿಯೇ. ಆದರೆ ಹಳ್ಳಿಯಿಂದ ಹಾಸ್ಟೆಲ್ಲಿಗೆ ಬಂದ ಮೊದಲ ವರ್ಷ ಬೇಡ. ಮೊದಲ ವರ್ಷ ಊಟ, ನಿದ್ದೆ, ಇಂಗ್ಲಿಷು, ಗೆಳತಿಯರು ಇಷ್ಟು ಸರಿಹೋಗಲಿ.

ನಾಲ್ಕು ಪುಟಗಳನ್ನು ಈ ಪತ್ರದ ಜೊತೆ ಹಿಂದಿರುಗಿಸುತ್ತಿದ್ದೇವೆ. ಮಾರ್ಚಿಯ ಪುಟದಲ್ಲಿ 14ನೆಯ ತಾರೀಖಿನ ಸಂಜೆಯ ಹಾಲು ಎರಡು ಸಲ ಬರೆದಂತಿದೆ. ಆ ಒಂದು ಸಾಲು ತೆಗೆದು ಸರಾಸರಿಯನ್ನು ಇನ್ನೊಮ್ಮೆ ಹಾಕಲು, ಬೆಳಗಿನದನ್ನೂ ಸಂಜೆಯದನ್ನೂ ಬೇರೆ ಬೇರೆಯಾಗಿ ಹಾಕಲು ಅವಳಿಗೆ ಹೇಳಿ. ಬಂದ ಉತ್ತರವನ್ನು ನಮಗೂ ಬರೆದು ತಿಳಿಸಿದರೆ ಸಂತೋಷ.

— ಸಂಪಾದಕ